ಅಮ್ಮನಿಗೆ ಒಂದು ಕಡ್ಡಿ ಎತ್ತಿಡಲೂ ಬಿಡುವುದಿಲ್ಲ, ಆದರೂ ಸೊರಗುತ್ತಿದ್ದಾರೆ

ಪ್ರಶ್ನೆ: ನನ್ನ ಅಮ್ಮನಿಗೆ 73 ವರ್ಷ. 17 ವರ್ಷದಿಂದ ಶುಗರ್ ಇದೆ, ಬಿಪಿ ಇದೆ, ಎರಡೂ ಮಂಡಿ ನೋವು. ಅಪ್ಪ ತೀರಿಕೊಂಡು ಎರಡು ವರ್ಷವಾಯಿತು. ಆಮೇಲೆ ತಿಪಟೂರು ಹತ್ತಿರದ ನಮ್ಮ ಹಳ್ಳಿಯಲ್ಲಿ ಅಮ್ಮ ಒಬ್ಬರೇ ಇದ್ದರು. ಎರಡು ಹಸು, ಡೈರಿಗೆ ಹಾಲು, ತೋಟದ ಲೆಕ್ಕ ಎಲ್ಲಾ ಅವರೇ ನೋಡಿಕೊಳ್ಳುತ್ತಿದ್ದರು. ಈ ವಯಸ್ಸಿನಲ್ಲಿ ಯಾಕೆ ಇಷ್ಟು ಕಷ್ಟ ಎಂದು ಎಂಟು ತಿಂಗಳ ಹಿಂದೆ ಬೆಂಗಳೂರಿಗೆ ಕರೆದುಕೊಂಡು ಬಂದೆವು. ಆರನೇ ಮಹಡಿಯ ಫ್ಲ್ಯಾಟ್. ನಾನು, ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಅಡುಗೆಗೂ ಮನೆಕೆಲಸಕ್ಕೂ ಜನ ಇದ್ದಾರೆ. ಅಮ್ಮನಿಗೆ ಒಂದು ಕಡ್ಡಿ ಎತ್ತಿಡಲೂ ಬಿಡುವುದಿಲ್ಲ. ಆದರೂ ತೂಕ 58 ಕೆಜಿಯಿಂದ 53ಕ್ಕೆ ಇಳಿದಿದೆ. ಗೋಡೆ ಹಿಡಿದು ನಡೆಯುತ್ತಾರೆ. ಕೇಳಿದ್ದನ್ನೇ ಮತ್ತೆ ಕೇಳುತ್ತಾರೆ. ಮಾತ್ರೆ ನುಂಗಿದ್ದು ಮರೆಯುತ್ತಾರೆ. ದಿನವಿಡೀ ಟಿವಿ ಮುಂದೆ ಇರುತ್ತಾರೆ, ಆದರೆ ನೋಡುವುದಿಲ್ಲ. ತಲೆ ಸ್ಕ್ಯಾನಿನಲ್ಲಿ ವಯಸ್ಸಿಗೆ ತಕ್ಕ ಬದಲಾವಣೆ ಅಷ್ಟೇ ಎಂದರು. ಮೂರು ತಿಂಗಳ ಸರಾಸರಿ ಶುಗರ್ (ಎಚ್‌ಬಿಎ1ಸಿ ಪರೀಕ್ಷೆ) 6.1, ಅದಂತೂ ಬಹಳ ಚೆನ್ನಾಗಿದೆ. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಎಂಬ ಶುಗರ್ ಮಾತ್ರೆಗಳು, ಬಿಪಿ ಮಾತ್ರೆ, ರಾತ್ರಿ ನಿದ್ದೆಗೆ ಒಂದು ಮಾತ್ರೆ ಕೊಡುತ್ತಿದ್ದೇವೆ. ನಾವು ಸಸ್ಯಾಹಾರಿಗಳು. ಇದು ಅಲ್ಜೈಮರ್ಸ್ ಶುರುವಾಗಿದ್ದಾ? ಊರಿಗೆ ವಾಪಸ್ ಕಳಿಸಬೇಕಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಇದು ಅಲ್ಜೈಮರ್ಸ್ ಹೌದೋ ಅಲ್ಲವೋ ಎಂದು ಪತ್ರ ನೋಡಿ ಯಾರೂ ಹೇಳಲಾರರು. ಆದರೆ ವಯಸ್ಸಾಯಿತು ಬಿಡಿ ಎಂದು ಸುಮ್ಮನಾಗುವ ವಿಷಯವೂ ಇದಲ್ಲ. ನಮ್ಮ ದೇಶದಲ್ಲಿ 60 ದಾಟಿದ ನೂರು ಜನರಲ್ಲಿ ಸುಮಾರು ಏಳು ಜನರಿಗೆ ಮರೆವಿನ ಕಾಯಿಲೆ, ಅಂದರೆ ಡಿಮೆನ್ಷಿಯಾ (ಅಲ್ಜೈಮರ್ಸ್ ಇದರದ್ದೇ ಒಂದು ಬಗೆ) ಇದೆ. ಉಳಿದ ಎಲ್ಲರಿಗೂ ವಯಸ್ಸಾಗಿದೆ ತಾನೇ? ಎಂಟು ತಿಂಗಳಲ್ಲಿ ಐದು ಕೆಜಿ ಇಳಿದು, ನಡಿಗೆ ಕೆಟ್ಟು, ಜೊತೆಗೆ ಮರೆವೂ ಬಂದರೆ ಅದಕ್ಕೆ ಕಾರಣ ಹುಡುಕಲೇಬೇಕು. ಹುಡುಕಿದರೆ ಸರಿಪಡಿಸಬಹುದಾದದ್ದು ಒಂದೆರಡಾದರೂ ಸಿಗುತ್ತವೆ.

ನೀವು ಬರೆದಿರುವುದು ಕಾಗ್ನಿಟಿವ್ ಫ್ರೇಲ್ಟಿ ಎಂಬ ಸ್ಥಿತಿಗೆ ಬಹಳ ಹತ್ತಿರ ಇದೆ. ಮನೆಯವರಿಗೆ ಹೇಳುವಾಗ ನಾನು ಇದನ್ನು ಜೋಡಿ ನಿಶ್ಶಕ್ತಿ ಎನ್ನುತ್ತೇನೆ. ಮೈಯೂ ಸೊರಗುತ್ತದೆ, ಜೊತೆಯಲ್ಲೇ ಬುದ್ಧಿಯೂ ಸ್ವಲ್ಪ ಮಂಕಾಗುತ್ತದೆ. ಆದರೆ ಅದು ಇನ್ನೂ ಡಿಮೆನ್ಷಿಯಾ ಮಟ್ಟಕ್ಕೆ ಹೋಗಿರುವುದಿಲ್ಲ. 2013ರಲ್ಲಿ ಫ್ರಾನ್ಸಿನ ತುಲೂಸ್ ಊರಿನಲ್ಲಿ ಹಿರಿಯರ ಆರೋಗ್ಯದ ತಜ್ಞರು ಸೇರಿ ಇದಕ್ಕೆ ಹೀಗೊಂದು ವ್ಯಾಖ್ಯೆ ಕೊಟ್ಟರು. ಮೈ ನಿಶ್ಶಕ್ತಿಯನ್ನು ಗುರುತಿಸಲು ಅಮೆರಿಕದ ಲಿಂಡಾ ಫ್ರೈಡ್ ಎಂಬ ವೈದ್ಯೆ ಮತ್ತು ಅವರ ತಂಡ 2001ರಲ್ಲೇ ಐದು ಗುರುತು ಹೇಳಿದ್ದರು. ಬಯಸದೆ ತೂಕ ಇಳಿಯುವುದು, ಯಾವಾಗಲೂ ಸುಸ್ತು, ಕೈ ಹಿಡಿತ ಸಡಿಲವಾಗುವುದು, ನಡಿಗೆ ನಿಧಾನವಾಗುವುದು, ಓಡಾಟ ಕಡಿಮೆಯಾಗುವುದು. ಐದರಲ್ಲಿ ಮೂರು ಇದ್ದರೆ ನಿಶ್ಶಕ್ತಿ ಎಂದೇ ಲೆಕ್ಕ. ನಿಮ್ಮ ಪತ್ರದಲ್ಲೇ ನನಗೆ ಮೂರು ಕಾಣುತ್ತಿವೆ.

ಈ ಸ್ಥಿತಿಯ ಬಗ್ಗೆ ಮೊದಲು ತಿಳಿಯಬೇಕಾದ್ದು ಇದು. ಇಲ್ಲಿಂದ ದಾರಿ ಎರಡೂ ಕಡೆ ಹೋಗುತ್ತದೆ. ಸುಮ್ಮನೆ ಬಿಟ್ಟರೆ ಬೀಳುವುದು, ಆಸ್ಪತ್ರೆ ಸೇರುವುದು, ಡಿಮೆನ್ಷಿಯಾ ಬರುವುದು ಎಲ್ಲದರ ಸಾಧ್ಯತೆಯೂ ಜಾಸ್ತಿಯಾಗುತ್ತದೆ. ಈಗಲೇ ಕೈಹಾಕಿದರೆ ಎಷ್ಟೋ ಜನ ಒಂದು ಮೆಟ್ಟಿಲು ಮೇಲಕ್ಕೆ ಬರುತ್ತಾರೆ.

ಮೈ ಮತ್ತು ಬುದ್ಧಿ ಯಾಕೆ ಒಟ್ಟಿಗೇ ಇಳಿಯುತ್ತವೆ? ಶುಗರ್, ಬಿಪಿ ಎರಡೂ ಸಣ್ಣ ರಕ್ತನಾಳಗಳನ್ನು ಹಾಳು ಮಾಡುತ್ತವೆ. ಅವು ಕಣ್ಣಿನಲ್ಲಿವೆ, ಕಿಡ್ನಿಯಲ್ಲಿವೆ, ಮಿದುಳಿನ ಒಳಗೂ ಇವೆ. ದೀರ್ಘಕಾಲದ ಕಾಯಿಲೆ ಇರುವವರ ಮೈಯಲ್ಲಿ ಸಣ್ಣ ಮಟ್ಟದ ಉರಿಯೂತ ಸದಾ ಇರುತ್ತದೆ. ಅದು ಮಾಂಸಖಂಡವನ್ನೂ ಕರಗಿಸುತ್ತದೆ, ಮಿದುಳಿಗೂ ಒಳ್ಳೆಯದಲ್ಲ. ಮಂಡಿ ನೋವಿರುವವರು ನಡೆಯುವುದಿಲ್ಲ. ನಡೆಯದಿದ್ದರೆ ತೊಡೆಯ ಮಾಂಸ ಇಳಿಯುತ್ತದೆ, ಶುಗರ್ ಇನ್ನಷ್ಟು ಏರುಪೇರಾಗುತ್ತದೆ, ಬೀಳುವ ಭಯ ಬರುತ್ತದೆ. ಭಯ ಬಂದವರು ಹೊಸಿಲು ದಾಟುವುದಿಲ್ಲ. ಹೊಸಿಲು ದಾಟದವರಿಗೆ ಮಾತಾಡಲು ಯಾರು ಸಿಗುತ್ತಾರೆ?

ನಡಿಗೆ ಬರೀ ಕಾಲಿನ ಕೆಲಸ ಎಂದು ನಾವು ಅಂದುಕೊಂಡಿದ್ದೇವೆ. ಅದು ಮಿದುಳಿನ ಕೆಲಸವೂ ಹೌದು. ನನ್ನ ಕ್ಲಿನಿಕ್ಕಿನಲ್ಲಿ ಬಾಗಿಲಿನಿಂದ ಕುರ್ಚಿಗೆ ಏಳೆಂಟು ಹೆಜ್ಜೆ. ಹಿರಿಯರು ಒಳಗೆ ಬರುವಾಗ, ಅವರು ಇನ್ನೂ ನಡೆಯುತ್ತಿರುವಾಗಲೇ, "ತಿಂಡಿ ಆಯ್ತಾ ಅಮ್ಮಾ?" ಎಂದು ಕೇಳುತ್ತೇನೆ. ಕೆಲವರು ನಡೆಯುತ್ತಲೇ "ಆಯ್ತಪ್ಪ, ಉಪ್ಪಿಟ್ಟು" ಎನ್ನುತ್ತಾರೆ. ಕೆಲವರು ಅಲ್ಲೇ ನಿಲ್ಲುತ್ತಾರೆ. ಉತ್ತರ ಕೊಡುತ್ತಾರೆ. ಆಮೇಲೆ ಕಾಲು ಮುಂದಿಡುತ್ತಾರೆ. ಎರಡು ಕೆಲಸವನ್ನು ಒಟ್ಟಿಗೆ ನಡೆಸಲು ಮಿದುಳಿಗೆ ಕಷ್ಟವಾಗುತ್ತಿದೆ ಎಂದು ಅರ್ಥ. 1997ರಲ್ಲಿ ಸ್ವೀಡನ್ನಿನ ಸಂಶೋಧಕರು ಇದನ್ನೇ ಗಮನಿಸಿ ಬರೆದರು. ಮಾತಾಡಿಸಿದರೆ ನಿಲ್ಲುವವರು ಮುಂದಿನ ದಿನಗಳಲ್ಲಿ ಬೀಳುವುದು ಜಾಸ್ತಿ ಎಂದು ಅವರು ಕಂಡರು. ಇವತ್ತು ಸಂಜೆ ಅಮ್ಮನ ಜೊತೆ ನಡುಮನೆಯಿಂದ ಬಾಲ್ಕನಿಗೆ ನಡೆಯುತ್ತಾ ನೀವೂ ಏನಾದರೂ ಕೇಳಿ, ನೋಡಿ. ಪಕ್ಕದಲ್ಲೇ ಇರಿ.

ಈಗ ನೀವು ಕೇಳದೇ ಇರುವ ಆದರೆ ನನಗೆ ತುಂಬಾ ಮುಖ್ಯ ಎನಿಸಿದ ಮಾತಿಗೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ಕಾಯಿಲೆ, ಸ್ಕ್ಯಾನ್, ಮಾತ್ರೆ ಎಲ್ಲಾ ಇದೆ. ಅಮ್ಮ ದಿನಕ್ಕೆ ಎಷ್ಟು ಜನರ ಜೊತೆ ಮಾತಾಡುತ್ತಾರೆ ಎಂಬುದು ಇಲ್ಲ. ಊರಲ್ಲಿ ಎಷ್ಟು ಜನರ ಜೊತೆ ಮಾತಾಡುತ್ತಿದ್ದರು ಎಂದು ಒಮ್ಮೆ ಎಣಿಸಿ. ಬೆಳಗ್ಗೆ ಡೈರಿಯಲ್ಲಿ ಹಾಲು ಅಳೆಯುವವರು. ಅಲ್ಲಿ ಸಾಲಿನಲ್ಲಿ ನಿಂತ ಹತ್ತು ಜನ. ಮೇವು ತರುವವನು. ಕಾಯಿ ಕೀಳಿಸುವ ದಿನ ಬರುವ ಆಳುಗಳು. ಸಂಜೆ ಜಗುಲಿಯಲ್ಲಿ ಕೂತರೆ ರಸ್ತೆಯಲ್ಲಿ ಹೋಗುವ ಪ್ರತಿಯೊಬ್ಬರೂ ಒಂದು ಮಾತು ಆಡಿಯೇ ಹೋಗುವುದು. "ಏನಕ್ಕ, ಮಂಡಿ ಹೆಂಗೈತೆ?" ಅಷ್ಟೇ ಆದರೂ ಮಾತು ಮಾತೇ.

ಆ ಡೈರಿ ಲೆಕ್ಕವನ್ನೇ ಸ್ವಲ್ಪ ಹತ್ತಿರದಿಂದ ನೋಡಿ. ಬೆಳಗ್ಗೆ ಎಷ್ಟು ಲೀಟರ್, ಸಂಜೆ ಎಷ್ಟು, ಫ್ಯಾಟ್ ಎಷ್ಟು ಬಂತು, ಹಿಂಡಿ ಬಾಬ್ತು ಎಷ್ಟು ಹಿಡಿದರು, ಬಟವಾಡೆಯಲ್ಲಿ ಕೈಗೆ ಎಷ್ಟು ಬರಬೇಕು. ಇದನ್ನು ದಿನಾ ತಲೆಯಲ್ಲಿ ಇಟ್ಟುಕೊಂಡು, ಒಂದು ರೂಪಾಯಿ ಹೆಚ್ಚುಕಡಿಮೆಯಾದರೆ ಕೇಳಿ, ವಾದ ಮಾಡಿ, ನಗುತ್ತಾ ಮನೆಗೆ ಬರುತ್ತಿದ್ದ ಹೆಂಗಸು ಅವರು. ಮೊಬೈಲಿನ ಯಾವ ಮಿದುಳಿನ ಆಟವೂ ಇದಕ್ಕೆ ಸಮ ಬರಲಾರದು. ಇದರಲ್ಲಿ ಲೆಕ್ಕ ಇದೆ, ನೆನಪು ಇದೆ, ನಡಿಗೆ ಇದೆ, ಜನ ಇದ್ದಾರೆ. ಇದನ್ನು ಮಾಡದಿದ್ದರೆ ನಷ್ಟ ಆಗುತ್ತದೆ ಎಂಬ ನಿಜವಾದ ಜವಾಬ್ದಾರಿಯೂ ಇದೆ. ಇದೆಲ್ಲ ಒಂದೇ ದಿನ ನಿಂತುಹೋಯಿತು.

ನಿಮ್ಮ ಮನೆಯಲ್ಲಿ ಅಮ್ಮ ಒಂಟಿಯಲ್ಲ ಎಂದು ನೀವು ಹೇಳಬಹುದು. ನಿಜ, ಮನೆ ತುಂಬಾ ಜನ ಇದ್ದಾರೆ. ಆದರೆ ಜನ ಇಲ್ಲದಿರುವುದು ಬೇರೆ, ಒಂಟಿತನ ಬೇರೆ. ಹಳ್ಳಿಯ ಮನೆಯಲ್ಲಿ ಒಬ್ಬರೇ ಇದ್ದರೂ ಒಂಟಿತನ ಕಾಡದೆ ಇರಬಹುದು. ಫ್ಲ್ಯಾಟಿನಲ್ಲಿ ನಾಲ್ಕು ಜನರ ನಡುವೆ ಕಾಡಬಹುದು. ಹಿರಿಯರ ಸಂಬಂಧಗಳನ್ನು ನೋಡುವಾಗ ನಾನು ಮೂರು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇವರ ಸುತ್ತ ಯಾರಿದ್ದಾರೆ? ಇವರಿಗೆ ಬೇಕಾದಾಗ ಯಾರು ಒದಗುತ್ತಾರೆ? ಇವರು ಯಾರಿಗೆ ಒದಗುತ್ತಾರೆ? ಮೊದಲ ಎರಡಕ್ಕೆ ನಿಮ್ಮ ಮನೆಯಲ್ಲಿ ಒಳ್ಳೆಯ ಉತ್ತರ ಇದೆ. ಮೂರನೆಯದಕ್ಕೆ ಈಗ ಉತ್ತರವೇ ಇಲ್ಲ. ನನ್ನ ಅನುಭವದಲ್ಲಿ ಹಿರಿಯರನ್ನು ಒಳಗಿನಿಂದ ಸೊರಗಿಸುವುದು ಈ ಮೂರನೆಯದು.

ನಿಮ್ಮನ್ನು ದೂರಲು ಇದನ್ನು ಬರೆಯುತ್ತಿಲ್ಲ. ಪ್ರೀತಿಯಿಂದಲೇ "ನೀನು ಸುಮ್ನೆ ಕೂತ್ಕೋ ಅಮ್ಮ" ಎಂದಿದ್ದೀರಿ. ವೈದ್ಯನಾದ ಮೊದಲ ವರ್ಷಗಳಲ್ಲಿ ನಾನೂ ಎಷ್ಟೋ ಹಿರಿಯರಿಗೆ "ರೆಸ್ಟ್ ತಗೊಳ್ಳಿ" ಎಂದು ಹೇಳಿ ಕಳಿಸಿದ್ದೇನೆ. ಅವರು ಹೇಳಿದ ಹಾಗೇ ಕೇಳಿದರು. ಆರು ತಿಂಗಳ ನಂತರ ಅದೇ ಜನ ಕೈ ಊರದೆ ಕುರ್ಚಿಯಿಂದ ಏಳಲಾರದೆ ಬಂದಾಗ ಆ ಮಾತು ಹೇಳುವುದನ್ನೇ ಬಿಟ್ಟೆ.

ಜನರ ಜೊತೆಗಿನ ಒಡನಾಟ ಮಿದುಳಿಗೆ ಹೇಗೆ ಕೆಲಸ ಮಾಡುತ್ತದೆ? ಇದರಲ್ಲಿ ಒಂದೇ ದಾರಿ ಇಲ್ಲ. ಮಾತುಕತೆಯೇ ದೊಡ್ಡ ವ್ಯಾಯಾಮ. ಎದುರಿನವರು ಹೇಳಿದ್ದು ಕೇಳಿಸಿಕೊಳ್ಳಬೇಕು, ಅದನ್ನು ಹಿಡಿದಿಟ್ಟುಕೊಳ್ಳಬೇಕು, ಮುಖ ಓದಬೇಕು, ತಕ್ಕ ಮಾತು ಹುಡುಕಬೇಕು. ಜನ ಸಿಗುವ ಕಡೆಗೆ ಕಾಲು ತಾನಾಗಿ ಹೋಗುತ್ತದೆ. ಜೊತೆಗೆ ಕೂತು ಉಂಡರೆ ಎರಡು ತುತ್ತು ಜಾಸ್ತಿ ಸೇರುತ್ತದೆ. ಮಾತ್ರೆ ತಪ್ಪಿದರೆ, ಕಾಲು ಊದಿದರೆ, ಮುಖ ಸಪ್ಪೆಯಾದರೆ ಮೊದಲು ಕಣ್ಣಿಗೆ ಬೀಳುವುದು ಒಡನಾಡಿಗಳಿಗೇ. ಇನ್ನು ಒಂಟಿತನ ಎನ್ನುವುದು ಮೈಗೆ ನಿರಂತರ ಒತ್ತಡ ಇದ್ದ ಹಾಗೆ. ನಿದ್ದೆ ಕೆಡುತ್ತದೆ, ಬಿಪಿ ಏರುತ್ತದೆ, ಉರಿಯೂತ ಹೆಚ್ಚುತ್ತದೆ. ಶುಗರ್, ಬಿಪಿ ಮೊದಲೇ ಇರುವವರಿಗೆ ಇದು ಗಾಯದ ಮೇಲೆ ಬರೆ.

ಇದು ಹೊಸ ವಿಚಾರವೂ ಅಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದ ಅಲಮೀಡಾ ಕೌಂಟಿಯಲ್ಲಿ ಸುಮಾರು 7,000 ಜನರನ್ನು ಒಂಬತ್ತು ವರ್ಷ ಗಮನಿಸಿದ ಅಧ್ಯಯನ 1979ರಲ್ಲಿ ಪ್ರಕಟವಾಯಿತು. ನಂಟು ತೀರಾ ಕಡಿಮೆ ಇದ್ದವರಲ್ಲಿ ಸಾವಿನ ಪ್ರಮಾಣ ಎರಡು ಪಟ್ಟಿಗಿಂತ ಜಾಸ್ತಿ ಇತ್ತು. 2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಸಮಿತಿ, ಡಿಮೆನ್ಷಿಯಾಕ್ಕೆ ದಾರಿ ಮಾಡುವ ಆದರೆ ನಾವು ಬದಲಿಸಬಹುದಾದ 14 ಕಾರಣಗಳನ್ನು ಪಟ್ಟಿ ಮಾಡಿತು. ಶುಗರ್, ಬಿಪಿ, ಓಡಾಟ ಇಲ್ಲದಿರುವುದು, ಖಿನ್ನತೆ, ಕಿವಿ ಕೇಳದಿರುವುದು, ಕಣ್ಣು ಕಾಣದಿರುವುದು ಇವುಗಳ ಸಾಲಿನಲ್ಲೇ ಜನಸಂಪರ್ಕ ಇಲ್ಲದಿರುವುದೂ ಇದೆ. ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಇಲ್ಲಿ ಕಾರಣ ಯಾವುದು, ಪರಿಣಾಮ ಯಾವುದು ಎಂದು ಬಿಡಿಸುವುದು ಕಷ್ಟ. ಒಂಟಿಯಾದವರಿಗೆ ಮರೆವು ಬರುತ್ತದೆ. ಮರೆವು ಬಂದವರು ಹೆಸರು ತಪ್ಪಿ ಹೋದೀತು ಎಂದು ನಾಚಿ ಜನರಿಂದ ದೂರ ಸರಿಯುತ್ತಾರೆ. ಎರಡೂ ನಿಜ. ನಿಮ್ಮ ಅಮ್ಮನಲ್ಲಿ ಎರಡೂ ನಡೆಯುತ್ತಿರಬಹುದು.

ಆ ಐದು ಗುರುತು ಹೇಳಿದ ಲಿಂಡಾ ಫ್ರೈಡ್ ಇನ್ನೊಂದು ಕೆಲಸವನ್ನೂ ಮಾಡಿದರು. ಬಾಲ್ಟಿಮೋರ್ ನಗರದ ಪ್ರಾಥಮಿಕ ಶಾಲೆಗಳಿಗೆ ಹಿರಿಯರನ್ನು ಕಳಿಸಿ, ಮಕ್ಕಳಿಗೆ ಓದಲು ಕಲಿಸುವ ಯೋಜನೆಯನ್ನು ಇತರರ ಜೊತೆ ಸೇರಿ ಕಟ್ಟಿದರು. ವಾರಕ್ಕೆ 15 ಗಂಟೆ ಕೆಲಸ. ಇದನ್ನು ಹಿರಿಯರಿಗೆ ಕಾಲಕ್ಷೇಪ ಎಂದು ಕೊಟ್ಟಿದ್ದಲ್ಲ, ಆ ಮಕ್ಕಳಿಗೆ ನಿಜವಾಗಿಯೂ ಯಾರಾದರೂ ಬೇಕಿತ್ತು. ಮೊದಲ ಸಣ್ಣ ಅಧ್ಯಯನಗಳಲ್ಲಿ ಈ ಹಿರಿಯರ ಓಡಾಟ ಹೆಚ್ಚಿತು, ಕಷ್ಟಕ್ಕೆ ಕರೆಯಬಹುದಾದ ಜನ ಹೆಚ್ಚಿದರು. ಯೋಚಿಸುವ ಶಕ್ತಿ ಮೊದಲೇ ಸ್ವಲ್ಪ ಕುಗ್ಗಿದ್ದವರಲ್ಲಿ ಸುಧಾರಣೆ ಹೆಚ್ಚಾಗಿ ಕಂಡಿತು. ನಿಶ್ಶಕ್ತಿಯನ್ನು ಅಳೆಯಲು ಕಲಿಸಿದ ವೈದ್ಯೆಯೇ ಅದಕ್ಕೆ ಮದ್ದಾಗಿ ಇನ್ನೊಬ್ಬರಿಗೆ ಬೇಕಾಗುವ ಕೆಲಸವನ್ನು ಆರಿಸಿಕೊಂಡರು ಎಂಬುದು ನನಗೆ ಬಹಳ ಹಿಡಿಸಿದ ವಿಷಯ.

ಆದರೆ ಅಮ್ಮನಿಗೆ ಕೆಲಸ ಕೊಡುವ ಮುಂಚೆ, ಈ ವಾರವೇ, ಡಾಕ್ಟರ ಹತ್ತಿರ ಹೋಗಿ. ಮುಖ್ಯವಾದದ್ದನ್ನು ಮೊದಲು ಹೇಳುತ್ತೇನೆ. ಆ 6.1 ನೋಡಿ ನೀವು ಸಂತೋಷಪಟ್ಟಿದ್ದೀರಿ, ನನಗೆ ಭಯವಾಯಿತು. 73 ವರ್ಷ, ತೂಕ ಇಳಿಯುತ್ತಿದೆ, ಊಟವೂ ಕಡಿಮೆಯಾಗಿರಬಹುದು, ಮೇಲೆ ಗ್ಲಿಮೆಪಿರೈಡ್. ಊಟ ಮಾಡಲಿ ಬಿಡಲಿ, ಈ ಮಾತ್ರೆ ಶುಗರ್ ಇಳಿಸುತ್ತಲೇ ಇರುತ್ತದೆ. ಹಿರಿಯರಲ್ಲಿ ಶುಗರ್ ಕುಸಿದರೆ ಬೆವರು, ನಡುಕ ಬರದೇ ಇರಬಹುದು. ಬರೀ ಮಂಕು, ತಬ್ಬಿಬ್ಬು, ಕಾಲು ತಡವರಿಕೆ ಕಾಣಬಹುದು. ಮತ್ತೆ ಮತ್ತೆ ಕುಸಿದರೆ ಮಿದುಳಿಗೆ ಪೆಟ್ಟು. ಹಲವು ಕಾಯಿಲೆ ಇದ್ದು ಬುದ್ಧಿಶಕ್ತಿ ಸ್ವಲ್ಪ ಕುಗ್ಗಿದ ಹಿರಿಯರಿಗೆ ಈ ಸರಾಸರಿ 8ರ ಒಳಗೆ ಇದ್ದರೆ ಸಾಕು ಎಂದು ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ ಹೇಳುತ್ತದೆ. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಅಮ್ಮ ಮಂಕಾಗಿ ಕಂಡಾಗ ಮನೆಯ ಮೆಷಿನ್ನಿನಲ್ಲಿ ಶುಗರ್ ನೋಡಿ ಬರೆದಿಡಿ, 70ಕ್ಕಿಂತ ಕಡಿಮೆ ಇದ್ದರೆ ತಕ್ಷಣ ಸಕ್ಕರೆ ನೀರು ಕೊಡಿ, ಆ ಚೀಟಿಯನ್ನು ಡಾಕ್ಟರಿಗೆ ತೋರಿಸಿ ಡೋಸ್ ಬಗ್ಗೆ ಕೇಳಿ.

ಎರಡನೆಯದು ವಿಟಮಿನ್ ಬಿ12. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಂಡರೆ ಅದು ಕಡಿಮೆಯಾಗಬಹುದು, ಸಸ್ಯಾಹಾರಿಗಳಲ್ಲಿ ಮೊದಲೇ ಕಡಿಮೆ. ಮರೆವು, ಕಾಲು ಜೋಮು, ನಡಿಗೆ ತಪ್ಪುವುದು ಮೂರಕ್ಕೂ ಅದು ಕಾರಣವಾಗಬಹುದು. ಒಂದು ರಕ್ತಪರೀಕ್ಷೆ ಸಾಕು. ಅದರ ಜೊತೆಗೇ ಥೈರಾಯ್ಡ್, ರಕ್ತದಲ್ಲಿ ಹಿಮೋಗ್ಲೋಬಿನ್, ಸೋಡಿಯಂ, ಕಿಡ್ನಿ ಪರೀಕ್ಷೆಯನ್ನೂ ಮಾಡಿಸಿ. ಇಷ್ಟು ತೂಕ ಇಳಿದಿರುವುದಕ್ಕೆ ಬೇರೆ ಕಾಯಿಲೆ ಏನಾದರೂ ಇದೆಯಾ ಎಂದೂ ಡಾಕ್ಟರು ನೋಡಬೇಕು. ನಿದ್ದೆ ಮಾತ್ರೆಯ ಹೆಸರನ್ನು ನೀವು ಬರೆದಿಲ್ಲ. ಅಲ್ಪ್ರಾಜೋಲಮ್ ಜಾತಿಯದ್ದಾಗಿದ್ದರೆ ಮರೆವನ್ನೂ ಬೀಳುವುದನ್ನೂ ಅದೇ ಹೆಚ್ಚಿಸುತ್ತದೆ. ಆದರೆ ಅದನ್ನು ಒಮ್ಮೆಲೇ ನಿಲ್ಲಿಸಿದರೆ ಅಪಾಯ, ಡಾಕ್ಟರು ಹೇಳಿದ ಹಾಗೆ ನಿಧಾನವಾಗಿ ಇಳಿಸಬೇಕು. ಕೆರೆತಕ್ಕೆ, ನೆಗಡಿಗೆ ಅಂಗಡಿಯಲ್ಲಿ ಕೇಳಿ ತರುವ ಹಳೆಯ ಮಾತ್ರೆಗಳು ಕೂಡ ಹಿರಿಯರ ತಲೆ ಮಂಕು ಮಾಡುತ್ತವೆ. ಮನೆಯಲ್ಲಿರುವ ಎಲ್ಲಾ ಮಾತ್ರೆಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ.

ಖಿನ್ನತೆಯನ್ನೂ ಮರೆಯಬೇಡಿ. ಗಂಡ ಹೋಗಿ ಎರಡು ವರ್ಷ, ಮನೆ ಬಿಟ್ಟು ಎಂಟು ತಿಂಗಳು. ಹಿರಿಯರು "ನನಗೆ ಬೇಜಾರು" ಎಂದು ಬಾಯಿ ಬಿಟ್ಟು ಹೇಳುವುದು ಅಪರೂಪ. ಊಟ ಸೇರಲ್ಲ, ನಿದ್ದೆ ಬರಲ್ಲ, ಯಾವುದೂ ಬೇಡ ಎನ್ನುತ್ತಾರೆ. ಇದಕ್ಕೆ ಚಿಕಿತ್ಸೆ ಇದೆ, ಚಿಕಿತ್ಸೆ ಕೊಟ್ಟರೆ ನೆನಪೂ ಎಷ್ಟೋ ಸುಧಾರಿಸಬಹುದು.

ಕಿವಿಯನ್ನೂ ಪರೀಕ್ಷೆ ಮಾಡಿಸಿ. ಕೇಳಿದ್ದನ್ನೇ ಮತ್ತೆ ಕೇಳುವವರಲ್ಲಿ ಕೆಲವರಿಗೆ ಮೊದಲ ಸಲ ಹೇಳಿದ್ದು ಕೇಳಿಸಿರುವುದೇ ಇಲ್ಲ. ಕಿವಿ ಮಂದವಾದವರು ಹತ್ತು ಜನರ ನಡುವೆಯೂ ಒಂಟಿ. 2023ರಲ್ಲಿ ಅಮೆರಿಕದಲ್ಲಿ 70ರಿಂದ 84 ವರ್ಷದ 977 ಜನರ ಮೇಲೆ ಮೂರು ವರ್ಷ ನಡೆದ ಅಧ್ಯಯನದ ಫಲಿತಾಂಶ ಬಂತು. ಎಲ್ಲರನ್ನೂ ಒಟ್ಟಿಗೆ ತೆಗೆದುಕೊಂಡರೆ ಶ್ರವಣ ಸಾಧನದಿಂದ ಬುದ್ಧಿಶಕ್ತಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಮೊದಲೇ ಅಪಾಯ ಜಾಸ್ತಿ ಇದ್ದ ಗುಂಪಿನಲ್ಲಿ ಬುದ್ಧಿಶಕ್ತಿ ಇಳಿಯುವ ವೇಗ ಸುಮಾರು ಅರ್ಧಕ್ಕೆ ಇಳಿಯಿತು. ನಿಮ್ಮ ಅಮ್ಮನಂಥವರಿಗೆ ಇದು ಲೆಕ್ಕಕ್ಕೆ ಬರುವ ವಿಷಯ. ಕಣ್ಣಿನ ಪೊರೆ ಇದೆಯಾ ಎಂದೂ ನೋಡಿಸಿ.

ಇಷ್ಟಾದ ಮೇಲೆ ಮನೆಯ ಮಾತು. ಅಮ್ಮನಿಗೆ ಕೆಲಸ ಕೊಡಿ ಎಂದರೆ ಹೊತ್ತು ಕಳೆಯಲು ಏನಾದರೂ ಕೊಡಿ ಎಂದಲ್ಲ. ಅವರು ಮಾಡದಿದ್ದರೆ ಮನೆಯಲ್ಲಿ ಒಂದು ಕೆಲಸ ನಿಲ್ಲಬೇಕು, ಅಂಥದ್ದು ಬೇಕು. ಸೊಪ್ಪು ಬಿಡಿಸುವುದು, ಅವರೆಕಾಯಿ ಸುಲಿಯುವುದು ಒಳ್ಳೆಯ ಶುರು, ಬೆರಳಿಗೂ ಕೆಲಸ. ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಹಾಲು, ತರಕಾರಿ, ಕೆಲಸದವರ ರಜೆ, ಈ ಲೆಕ್ಕವನ್ನು ಒಂದು ಪುಸ್ತಕ ತಂದು ಅವರ ಕೈಗೆ ಕೊಡಿ. ತಿಂಗಳ ಕೊನೆಗೆ ಅವರನ್ನು ಕೇಳಿಯೇ ದುಡ್ಡು ಕೊಡಿ. ತಪ್ಪಾದರೆ ಆಗಲಿ, ನೂರಿನ್ನೂರು ರೂಪಾಯಿ ಹೋಗಬಹುದು. ಸಾರಿನ ಪುಡಿ ಅಮ್ಮ ಹೇಳಿದ ಅಳತೆಯಲ್ಲೇ ಹುರಿಯಬೇಕು, ಅಡುಗೆಯವರು ಅವರನ್ನೇ ಕೇಳಬೇಕು. ತೋಟದ ಮಾತಿಗೆ ಊರಿಂದ ಫೋನ್ ಬಂದರೆ ಫೋನನ್ನು ಅವರ ಕೈಗೇ ಕೊಡಿ. ಕಾಯಿ ಎಷ್ಟು ಬಿತ್ತು, ಕೊಬ್ಬರಿ ಈಗ ಕೊಡೋದಾ ಕಾಯೋದಾ ಎಂದು ಅವರು ಹೇಳಲಿ. ನಿಮಗಿಂತ ಚೆನ್ನಾಗಿ ಅವರಿಗೇ ಗೊತ್ತಿರುತ್ತದೆ ಎಂದು ನನ್ನ ನಂಬಿಕೆ.

ಒಬ್ಬ ಹಿರಿಯರು ನೆನಪಾಗುತ್ತಾರೆ. ಬಸ್ ಡ್ರೈವರ್ ಆಗಿದ್ದವರು. ದಮ್ಮಿನ ಕಾಯಿಲೆ, ಶುಗರ್, ಮರೆವು, ಹೆಂಡತಿಯೂ ತೀರಿಕೊಂಡಿದ್ದರು. ಮಗ ಹೇಳಿದ್ದು ಒಂದೇ ಮಾತು, "ಮಾತೇ ಆಡಲ್ಲ ಸರ್." ಪಕ್ಕದ ಮನೆಯವರಿಗೆ ಬೆಳಗ್ಗೆ ಮಗುವನ್ನು ಶಾಲೆಯ ವ್ಯಾನಿನವರೆಗೆ ಬಿಡಲು ಯಾರೂ ಇರಲಿಲ್ಲ. ಇವರನ್ನು ಕೇಳಿದರು. ಇನ್ನೂರು ಮೀಟರ್ ದಾರಿ, ನಡುವೆ ಎರಡು ಸಲ ನಿಂತು ಉಸಿರು ತೆಗೆದುಕೊಳ್ಳಬೇಕು. ಮೊದಲ ವಾರ ಮಗ ಹೆದರಿ ಹಿಂದೆ ಹಿಂದೆ ಹೋದ. ನಾಲ್ಕೈದು ತಿಂಗಳ ನಂತರ ಕ್ಲಿನಿಕ್ಕಿಗೆ ಬಂದಾಗ ಅವರು ಶೇವ್ ಮಾಡಿಕೊಂಡಿದ್ದರು. ಮರೆವು ಮಾಯವಾಗಿರಲಿಲ್ಲ, ತಿಂಗಳ ಹೆಸರು ಕೇಳಿದರೆ ಈಗಲೂ ತಡವರಿಸಿದರು. ಆದರೆ ವ್ಯಾನಿನ ಟೈಮು ಏಳೂ ನಲವತ್ತು ಎಂದು ತಪ್ಪಿಲ್ಲದೆ ಹೇಳಿದರು. ಆ ಮಗು ದಾರಿಯಲ್ಲಿ ಏನೇನು ಕೇಳುತ್ತದೆ ಎಂದು ಹತ್ತು ನಿಮಿಷ ಮಾತಾಡಿದರು.

ಮನೆಯಲ್ಲಿ ನಿಮ್ಮ ಮಕ್ಕಳಿದ್ದರೆ ಅವರಿಗೂ ಒಂದು ಮಾತು ಹೇಳಿ. "ನಾನ್ಯಾರು ಹೇಳಿ ನೋಡೋಣ", "ನಿನ್ನೆ ಏನು ತಿಂದ್ರಿ ನೆನಪಿದೆಯಾ" ಎಂದು ಹಿರಿಯರಿಗೆ ಪರೀಕ್ಷೆ ಇಡಬಾರದು. ಅದು ಮಿದುಳಿಗೆ ವ್ಯಾಯಾಮ ಎಂದು ಜನ ತಿಳಿದಿದ್ದಾರೆ. ಅದು ಅವಮಾನ. ಸೋತವರು ಮುಂದಿನ ಸಲ ಬಾಯಿಯೇ ಬಿಡುವುದಿಲ್ಲ. ಅದರ ಬದಲು ಅವರಿಗೆ ಗೊತ್ತಿರುವುದನ್ನು ಕೇಳಲಿ. ಹಸು ಕರು ಹಾಕಿದಾಗ ಗಿಣ್ಣು ಹೇಗೆ ಕಾಯಿಸುತ್ತಿದ್ದರು, ಚೌಕಾಬಾರ ಹೇಗೆ ಆಡುವುದು ಎಂದು. ಚೌಕಾಬಾರದ ಮಣೆಯನ್ನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ಅಮ್ಮನೇ ಕಲಿಸಲಿ. ಮಂಡಿ ನೋವಿದೆ, ಹಾಗಾಗಿ ಮೇಜಿನ ಮೇಲೆ ಬರೆದರೂ ಆದೀತು.

ಹೊರಗಿನ ಜನರೂ ಬೇಕು. ಮಗ, ಸೊಸೆ, ಮೊಮ್ಮಕ್ಕಳು ಎಷ್ಟೇ ಪ್ರೀತಿ ತೋರಿದರೂ ಓರಗೆಯವರ ಜಾಗ ತುಂಬಲಾರರು. ನಿಮ್ಮ ಅಪಾರ್ಟ್‌ಮೆಂಟಿನಲ್ಲೇ ಹೀಗೆ ಊರಿಂದ ಬಂದ ಇನ್ನೂ ನಾಲ್ಕು ಅಮ್ಮಂದಿರು ಬಾಗಿಲ ಹಿಂದೆ ಕೂತಿರುತ್ತಾರೆ. ನಿಮ್ಮ ಹೆಂಡತಿ ಅಥವಾ ನೀವು ಒಂದು ಭಾನುವಾರ ಅವರನ್ನು ಕಾಫಿಗೆ ಕರೆಯಿರಿ. ಮೊದಲ ಸಲ ನೀವು ಜೊತೆ ಇರಿ, ಆಮೇಲೆ ಅವರೇ ನೋಡಿಕೊಳ್ಳುತ್ತಾರೆ. ಹತ್ತಿರದಲ್ಲಿ ಭಜನೆ ಮಂಡಳಿ ಇದ್ದರೆ ಇನ್ನೂ ಒಳ್ಳೆಯದು. ಹಾಡು ನೆನಪಿಗೆ ದೊಡ್ಡ ಊರುಗೋಲು. ಊರಿನ ಗೆಳತಿಯರಿಗೆ ವಾರಕ್ಕೆರಡು ಸಲ ನೀವೇ ವಿಡಿಯೋ ಕಾಲ್ ಹಚ್ಚಿ ಕೊಟ್ಟು ಆಚೆ ಹೋಗಿ. ನೀವು ಪಕ್ಕದಲ್ಲಿ ಕೂತರೆ ಅವರು ಮನಸ್ಸು ಬಿಚ್ಚಿ ಮಾತಾಡಲಾರರು.

ಕಾಲಿಗೆ ಬಲ ಬರಬೇಕು, ಅದಿಲ್ಲದೆ ಮಿಕ್ಕಿದ್ದು ಯಾವುದೂ ನಡೆಯದು. ಗೋಡೆಗೆ ಒತ್ತಿಟ್ಟ ಗಟ್ಟಿ ಕುರ್ಚಿಯಿಂದ ಎದ್ದು ಕೂರುವುದು, ದಿನಕ್ಕೆ ಎರಡು ಹೊತ್ತು, ಆದಷ್ಟು ಸಲ, ಯಾರಾದರೂ ಹತ್ತಿರ ನಿಂತಿರಲಿ. ಕೈ ಕಟ್ಟಿಕೊಂಡು ಐದು ಸಲ ಎದ್ದು ಕೂರಲು 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಬೇಕಾದರೆ ಮಾಂಸಖಂಡ ಸೋತಿದೆ ಎಂದು ಏಷ್ಯಾದ ತಜ್ಞರ ಗುಂಪು 2019ರಲ್ಲಿ ಅಳತೆ ಕೊಟ್ಟಿದೆ. ಇವತ್ತಿನ ಅಳತೆ ಬರೆದಿಡಿ. ಫಿಸಿಯೋಥೆರಪಿಯವರು ಒಂದೆರಡು ಸಲ ಬಂದು ತೋರಿಸಿಕೊಟ್ಟರೆ ಮಂಡಿಗೂ ಒಳ್ಳೆಯದು. ಊಟದಲ್ಲಿ ಪ್ರೊಟೀನ್ ಸಾಲದಿದ್ದರೆ ವ್ಯಾಯಾಮ ದಂಡ. ಕಿಡ್ನಿ ಸರಿ ಇದ್ದರೆ ತೂಕದ ಪ್ರತಿ ಕೆಜಿಗೆ ಒಂದು ಗ್ರಾಂಗಿಂತ ಸ್ವಲ್ಪ ಜಾಸ್ತಿ, ಅಂದರೆ ದಿನಕ್ಕೆ ಸುಮಾರು 55ರಿಂದ 60 ಗ್ರಾಂ ಬೇಕು. ಹಾಲು, ಮೊಸರು, ಗಟ್ಟಿ ಬೇಳೆ, ಹೆಸರುಕಾಳು ಉಸಲಿ, ಪನೀರ್ ಮೂರೂ ಹೊತ್ತು ಹಂಚಿ ಕೊಡಿ. ರಾತ್ರಿ ಎಲ್ಲರೂ ಒಟ್ಟಿಗೆ ಕೂತು ಉಣ್ಣಿ. ಟಿವಿ ಆಫ್ ಮಾಡಿ.

ಊರಿಗೆ ಕಳಿಸಬೇಕಾ ಎಂದು ಕೇಳಿದಿರಿ. ಈಗಲೇ, ಈ ಸ್ಥಿತಿಯಲ್ಲಿ, ಒಬ್ಬರನ್ನೇ ಬಿಟ್ಟುಬರುವುದು ಬೇಡ. ಶುಗರ್ ಕುಸಿಯುವ ಭಯ ಹೋಗಲಿ, ನಿದ್ದೆ ಮಾತ್ರೆಯ ವಿಚಾರ ಇತ್ಯರ್ಥವಾಗಲಿ, ಬಿ12 ಸರಿಯಾಗಲಿ. ಅದಾದ ಮೇಲೆ ನೀವೋ ನಿಮ್ಮ ಒಡಹುಟ್ಟಿದವರೋ ಜೊತೆಗಿದ್ದು ಹದಿನೈದು ದಿನ ಊರಲ್ಲಿ ಇದ್ದುಬನ್ನಿ. ಅಲ್ಲಿ ಅವರ ನಡಿಗೆ, ಊಟ, ಮಾತು ಹೇಗಿರುತ್ತದೆ ಎಂದು ಸುಮ್ಮನೆ ಗಮನಿಸಿ. ಎಷ್ಟೋ ಮಕ್ಕಳು ಅಲ್ಲಿ ಬೇರೆಯೇ ಅಮ್ಮನನ್ನು ನೋಡಿ ಬಂದಿದ್ದಾರೆ. ಆಮೇಲೆ ವರ್ಷದಲ್ಲಿ ಕೆಲವು ತಿಂಗಳು ಅಲ್ಲಿ, ಕೆಲವು ತಿಂಗಳು ಇಲ್ಲಿ ಎಂದು ಮಾಡಬಹುದು. ಅಲ್ಲಿ ರಾತ್ರಿ ಜೊತೆಗೆ ಮಲಗುವವರು, ಮಾತ್ರೆ ಡಬ್ಬಿ ನೋಡುವವರು, ಕರೆದರೆ ಓಡಿಬರುವ ಪಕ್ಕದ ಮನೆಯವರು ಇರಬೇಕು. ಹಳ್ಳಿ ಎಂದ ಕೂಡಲೇ ಎಲ್ಲಾ ಚೆಂದ ಎಂದೂ ಅಲ್ಲ. ಅಲ್ಲಿಯೂ ಓರಗೆಯವರು ತೀರಿಕೊಂಡಿದ್ದರೆ, ಬೀದಿ ಖಾಲಿಯಾಗಿದ್ದರೆ ಜಗುಲಿಯೂ ಒಂಟಿಯೇ.

ಅಮ್ಮನನ್ನು ಕೇಳಿದಿರಾ? ನಿಮ್ಮ ಪತ್ರದಲ್ಲಿ ಅವರು ಏನು ಬಯಸುತ್ತಾರೆ ಎಂದು ಒಂದು ಸಾಲೂ ಇಲ್ಲ. "ನಿಮ್ಮಿಷ್ಟ ಕಣಪ್ಪ" ಎನ್ನುತ್ತಾರೆ ಮೊದಲು. ಎರಡನೇ ಸಲ ಕೇಳಿ. ಇಬ್ಬರೇ ಇರುವಾಗ, ಅವಸರ ಇಲ್ಲದಾಗ ಕೇಳಿ.

ಒಂದೆರಡು ದಿನದಲ್ಲಿ ಇದ್ದಕ್ಕಿದ್ದಂತೆ ತಬ್ಬಿಬ್ಬಾದರೆ, ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ, ಬಿದ್ದು ತಲೆಗೆ ಪೆಟ್ಟಾದರೆ, ಮುಖ ಸೊಟ್ಟಗಾದರೆ, ಮಾತು ತೊದಲಿದರೆ ಕಾಯಬೇಡಿ, ನೇರ ಆಸ್ಪತ್ರೆಗೆ ಹೋಗಿ. ಮರೆವಿನ ಪೂರ್ತಿ ಪರೀಕ್ಷೆಗೆ ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ, ಹಿರಿಯರ ವಿಭಾಗ ಇರುವ ಬೇರೆ ಆಸ್ಪತ್ರೆಗಳೂ ಇವೆ. ನೆನಪಿನ ಪರೀಕ್ಷೆಯನ್ನು ಕನ್ನಡದಲ್ಲಿ, ಅಮ್ಮನ ಓದಿಗೆ ತಕ್ಕ ಹಾಗೆ ಮಾಡಿ ಎಂದು ಕೇಳಿ. ನಾಲ್ಕನೇ ಕ್ಲಾಸ್ ಓದಿದವರಿಗೆ ಪದವೀಧರರ ಪರೀಕ್ಷೆ ಕೊಟ್ಟರೆ ಇಲ್ಲದ ಕಾಯಿಲೆಯೂ ಕಾಣುತ್ತದೆ. ಹಿರಿಯರ ಯಾವ ವಿಷಯಕ್ಕಾದರೂ ಸರ್ಕಾರದ ಎಲ್ಡರ್‌ಲೈನ್ ಸಹಾಯವಾಣಿ 14567ಕ್ಕೆ ಕರೆ ಮಾಡಬಹುದು. ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416.

ಮೂರು ತಿಂಗಳ ನಂತರ ಮತ್ತೆ ಬರೆಯಿರಿ. ತೂಕ ಎಷ್ಟಾಯಿತು, ಐದು ಸಲ ಎದ್ದು ಕೂರಲು ಎಷ್ಟು ಸೆಕೆಂಡ್ ಹಿಡಿಯಿತು, ಬಿ12 ಎಷ್ಟಿತ್ತು, ಶುಗರ್ ಮಾತ್ರೆ ಬದಲಾಯಿತಾ, ದಿನಕ್ಕೆ ಎಷ್ಟು ಜನರ ಜೊತೆ ಮಾತಾಡುತ್ತಾರೆ. ಜೊತೆಗೆ, ಎರಡನೇ ಸಲ ಕೇಳಿದಾಗ ಅಮ್ಮ ಏನು ಹೇಳಿದರು ಎಂಬುದನ್ನೂ ಬರೆಯಿರಿ.